ರಾಜೀವಿ ಸಭಾಭವನದ ಬಾವಲಿಗಳು

ಸಿದ್ಧಕಟ್ಟೆ ಪೇಟೆಯಿಂದ ಸ್ವಲ್ಪ ಒಳಗೆ, ರಸ್ತೆ ತಿರುಗುವಲ್ಲಿ, ಸುಧಾಕರ ಶೆಟ್ಟಿ ಒಂದು ಸಭಾಭವನ ಕಟ್ಟಿಸಿದ. ಹದಿನೆಂಟು ವರ್ಷ ಬಹ್ರೈನ್‌ನ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿದು ಬಂದವನು. ಭವನಕ್ಕೆ ಹೆಂಡತಿ ರಾಜೀವಿಯ ಹೆಸರಿಟ್ಟ. ಗೋಡೆಗಳಿಗೆ ಹಾಲಿನಂಥ ಬಿಳಿ ಬಣ್ಣ ಬಳಿಸಿದ. ಊರವರು ಬಂದು ನೋಡಿದರು, ಊಟದ ಹಾಲ್ ಚಂದ ಉಂಟು, ಕಾರು ನಿಲ್ಲಿಸಲು ಧಾರಾಳ ಜಾಗ ಉಂಟು ಎಂದು ಹೊಗಳಿದರು. ಹೊಗಳಿ ಮುಗಿಸಿ ಹೊರಗೆ ಬಂದು ತಲೆ ಎತ್ತಿದವರೆಲ್ಲ ಕೇಳುತ್ತಿದ್ದುದು ಒಂದೇ ಪ್ರಶ್ನೆ.

“ಇದಕ್ಕೆ ಎಂತ ಮಾಡ್ತೀರಿ ಶೆಟ್ರೆ?”

ಇದು ಎಂದರೆ ಬಾವಲಿ. ಅಂಗಳದ ಮೂಲೆಯಲ್ಲಿದ್ದ ದೊಡ್ಡ ಗೋಳಿಮರದಲ್ಲಿ, ಅಂದರೆ ಆಲದಮರದಲ್ಲಿ, ಐನೂರಕ್ಕೆ ಕಡಿಮೆಯಿಲ್ಲದಷ್ಟು ಬಾವಲಿಗಳು ನೇತಾಡುತ್ತಿದ್ದವು. ಮಳೆಗಾಲ ಮುಗಿದ ಮೇಲೆ ಊರಿನ ಕರಿಕೊಡೆಗಳನ್ನೆಲ್ಲ ಯಾರೋ ತಂದು ಮರಕ್ಕೆ ಸಿಕ್ಕಿಸಿ ಹೋದ ಹಾಗೆ ಕಾಣುತ್ತಿತ್ತು. ಮುಸ್ಸಂಜೆಗೆ ಹಾರಿಹೋಗಿ, ನಸುಕಿಗೆ ಹೊಟ್ಟೆ ತುಂಬಿಸಿಕೊಂಡು ಮರಳುತ್ತಿದ್ದವು. ಮರಳುವಾಗ ಬಿಳಿ ಗೋಡೆಗೆ ಒಂದೊಂದು ಸಹಿ ಹಾಕದೆ ಬಿಡುತ್ತಿರಲಿಲ್ಲ.

ಭವನಕ್ಕೆ ಮೊದಲ ಬುಕಿಂಗ್ ಬಂದಿತ್ತು. ಮೂಡುಬಿದಿರೆಯ ಹರಿಪ್ರಸಾದ್ ಭಟ್ಟರ ಮಗಳು ದೀಕ್ಷಾಳ ನಿಶ್ಚಿತಾರ್ಥ. ಫೆಬ್ರವರಿಯ ಎರಡನೆಯ ಭಾನುವಾರ, ಅಂದರೆ ಇನ್ನು ಹನ್ನೊಂದು ದಿನಕ್ಕೆ. ಅಡುಗೆಯವರು ಭಟ್ಟರ ಕಡೆಯವರೇ, ಅಡುಗೆಮನೆ ಮಾತ್ರ ಸುಧಾಕರನದು. ಈ ಒಂದು ಸಮಾರಂಭ ಚಂದವಾದರೆ ಎರಡನೆಯದು ತಾನಾಗಿ ಬರುತ್ತದೆ. ಇದು ಕೆಟ್ಟರೆ ಮುನ್ನೂರು ಕುರ್ಚಿಗಳ ನಡುವೆ ತಾನೂ ರಾಜೀವಿಯೂ ಕೂತು ಊಟ ಮಾಡಬೇಕಾಗುತ್ತದೆ ಎಂದು ಸುಧಾಕರನಿಗೆ ಗೊತ್ತಿತ್ತು. ಆದ್ದರಿಂದ ಬಂಟ್ವಾಳಕ್ಕೆ ಹೋಗಿ ಒಂದು ಪೆಟ್ಟಿಗೆ ಗರ್ನಾಲು ತಂದಿಟ್ಟಿದ್ದ. ಭೂತಾರಾಧನೆಯ ಕೋಲ ನೇಮಗಳಲ್ಲಿ ಎದೆ ನಡುಗಿಸುವ ಅದೇ ಸಿಡಿಮದ್ದು.

ಬುಧವಾರ ಬೆಳಗ್ಗೆ ಅವನು ಅಂಗಳಕ್ಕೆ ಬಂದಾಗ ಮರದಡಿಯಲ್ಲಿ ನೆರೆಮನೆಯ ಶೀನಪ್ಪ ಗೋಣಿಚೀಲ ಹಿಡಿದು ಅಡಿಕೆ ಹೆಕ್ಕುತ್ತಿದ್ದ. ಬಾವಲಿಗಳು ಸುತ್ತಲಿನ ತೋಟಗಳಿಂದ ಹಣ್ಣಡಿಕೆ ಕಚ್ಚಿ ತಂದು, ಸಿಪ್ಪೆಯ ರಸ ಚೀಪಿ, ಉಳಿದದ್ದನ್ನು ಕೆಳಗೆ ಉದುರಿಸುತ್ತವೆ. ಅದನ್ನು ಹೆಕ್ಕುವುದು ಶೀನಪ್ಪನ ಇಪ್ಪತ್ತು ವರ್ಷಗಳ ಬೆಳಗಿನ ಕೆಲಸ. ಊರವರು ಅವನನ್ನು ಬಾವಲಿ ಶೀನಪ್ಪ ಎಂದೇ ಕರೆಯುವುದು.

“ಶೀನಪ್ಪ, ನಾಳೆಯಿಂದ ನಿನಗೆ ರಜೆ. ಗರ್ನಾಲು ಬಂದಾಗಿದೆ” ಎಂದ ಸುಧಾಕರ.

“ಬೇಡ ಶೆಟ್ರೆ, ಪಾಪ. ಇವು ಹೋದರೆ ನನಗೆ ಅಡಿಕೆ ಸುಲಿದು ಕೊಡುವವರು ಯಾರು? ನೀವು ಕೊಡ್ತೀರಾ?” ಶೀನಪ್ಪ ಒಂದು ಅಡಿಕೆಯನ್ನು ಲುಂಗಿಗೆ ಒರೆಸಿ, ಕತ್ತಿಯಿಂದ ಹೋಳು ಮಾಡಿ, ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡ. “ಬಾವಲಿ ಆರಿಸಿದ್ದು ಅಂದರೆ ಫಸ್ಟ್ ಕ್ಲಾಸ್. ಹಣ್ಣಾಗದ್ದನ್ನು ಅದು ಮೂಸುವುದೂ ಇಲ್ಲ.”

ಅಷ್ಟರಲ್ಲಿ ಗೇಟಿನ ಬಳಿ ಒಂದು ಜೀಪು ನಿಂತಿತು. ಮೊಣಕಾಲೆತ್ತರದ ಬೂಟು ಹಾಕಿದ ಮಹಿಳೆಯೊಬ್ಬರು ಇಳಿದು ಬಂದರು. ಪ್ರಾಯ ಮೂವತ್ತೈದರ ಆಸುಪಾಸು.

“ನಮಸ್ಕಾರ. ನಾನು ಡಾಕ್ಟರ್ ಶುಭಶ್ರೀ. ಮಡಂತ್ಯಾರಿನವಳೇ. ಪ್ರಾಣಿಗಳಲ್ಲಿ ಯಾವ ಯಾವ ವೈರಸ್ ಉಂಟು ಅಂತ ಹುಡುಕುವುದು ನಮ್ಮ ಕೆಲಸ. ಅರಣ್ಯ ಇಲಾಖೆಯ ಅನುಮತಿ ಉಂಟು, ಪಂಚಾಯತಿಗೂ ತಿಳಿಸಿದ್ದೇವೆ. ಆದರೆ ಜಾಗ ನಿಮ್ಮದು. ನಿಮ್ಮ ಒಪ್ಪಿಗೆ ಬೇಕು.”

ವೈರಸ್ ಎಂಬ ಪದ ಕೇಳಿದ್ದೇ ಸುಧಾಕರ ಹಿಂದೆ ಮುಂದೆ ನೋಡಿದ. “ಮೇಡಂ, ಸ್ವಲ್ಪ ಮೆಲ್ಲ ಮಾತಾಡಿ. ರಸ್ತೆಯಲ್ಲಿ ಜನ ಹೋಗ್ತಾ ಇದ್ದಾರೆ.”

ಶುಭಶ್ರೀ ನಕ್ಕರು. ಉತ್ತರ ಕೊಡುವ ಮೊದಲೇ ಅವರ ಕಣ್ಣು ಶೀನಪ್ಪನ ಮೇಲೆ ಬಿತ್ತು. ಅವನ ಬಾಯಿ ಆಡುತ್ತಿತ್ತು, ಕೈಯಲ್ಲಿ ಚೀಪಿದ ಅಡಿಕೆ ಇತ್ತು.

“ಅಣ್ಣಾ, ಅದು ಮರದಡಿಯದ್ದಾ? ಉಗಿಯಿರಿ, ಉಗಿಯಿರಿ! ಬಾಯಿ ಮುಕ್ಕಳಿಸಿ, ಸೋಪು ಹಾಕಿ ಕೈ ತೊಳೆಯಿರಿ.”

“ಇಪ್ಪತ್ತು ವರ್ಷದಿಂದ ತಿಂತಾ ಇದ್ದೇನೆ ಅಕ್ಕ. ನನಗೆ ಎಂತದೂ ಆಗಲಿಲ್ಲ.”

“ಆಗಲಿಲ್ಲ, ಒಳ್ಳೆಯದೇ ಆಯ್ತು. ಆದರೆ ಆ ಸಿಪ್ಪೆಯಲ್ಲಿ ಬಾವಲಿಯ ಜೊಲ್ಲು ಉಂಟು. ಬಾವಲಿಯ ಮೈಯಲ್ಲಿ ವೈರಸ್ ಇದ್ದರೆ ಜೊಲ್ಲಿನಲ್ಲೂ ಇರಬಹುದು. ಕೇರಳದಲ್ಲಿ ಎರಡು ಸಾವಿರದ ಹದಿನೆಂಟರಿಂದ ನಿಫಾ ಜ್ವರ ಮತ್ತೆ ಮತ್ತೆ ಬಂತಲ್ಲ, ಆ ವೈರಸ್‌ನ ಮೂಲ ಮನೆ ಇದೇ ಜಾತಿಯ ಬಾವಲಿ. ಎಲ್ಲ ಬಾವಲಿಯಲ್ಲೂ ಇಲ್ಲ, ಎಲ್ಲ ಕಾಲದಲ್ಲೂ ಇಲ್ಲ. ಯಾವುದರಲ್ಲಿ ಉಂಟು ಅಂತ ನೋಡಿದರೆ ಗೊತ್ತಾಗುವುದಿಲ್ಲ. ಅದಕ್ಕೇ ಹೇಳುವುದು.”

ಶೀನಪ್ಪ ಉಗಿದ. ಉಗಿದದ್ದು ಅವನಿಗೆ ಒಪ್ಪಿಗೆಯಾದದ್ದರಿಂದಲ್ಲ, ಬೂಟು ಹಾಕಿದವರ ಧ್ವನಿಗೆ ಹೆದರಿ. ಸುಧಾಕರ ಹೋಗಿ ಗೇಟು ಮುಚ್ಚಿ ಬಂದ. ರಾಜೀವಿ ಸಭಾಭವನ, ನಿಫಾ, ಬಾವಲಿ: ಮೂರನ್ನೂ ಒಂದೇ ಸಾಲಿನಲ್ಲಿ ಯಾರಾದರೂ ವಾಟ್ಸ್ಆ್ಯಪ್‌ಗೆ ಹಾಕಿದರೆ ಮುಗಿಯಿತು.

“ಭಾನುವಾರ ಅಲ್ಲ, ಅದರ ಮತ್ತಿನ ಭಾನುವಾರ ಕಳೆಯಲಿ ಮೇಡಂ. ಮತ್ತೆ ನೋಡುವ” ಎಂದ.

ನಮ್ಮ ಕಡೆ ‘ನೋಡುವ’ ಎಂದರೆ ಬೇಡ ಎಂದರ್ಥ. ಶುಭಶ್ರೀ ಮಡಂತ್ಯಾರಿನವರಾದ್ದರಿಂದ ಬಿಡಿಸಿ ಹೇಳಬೇಕಾಗಲಿಲ್ಲ. ಜಗಲಿಯ ಮೇಲಿದ್ದ ಗರ್ನಾಲಿನ ಪೆಟ್ಟಿಗೆಯನ್ನೂ ಅವರು ನೋಡಿದರು.

“ಓಡಿಸಬೇಡಿ ಸುಧಾಕರಣ್ಣ. ಈಗ ಎಲ್ಲ ಒಂದೇ ಕಡೆ ಉಂಟು. ಹೆದರಿಸಿದರೆ ಎಲ್ಲೆಲ್ಲಿಗೆ ಹೋಗಿ ಕೂತುಕೊಳ್ತದೆ ಅಂತ ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ.” ಫೋನ್ ನಂಬರ್ ಬರೆದು ಕೊಟ್ಟು ಹೊರಟರು.

ಗುರುವಾರ ಹಗಲು ಹನ್ನೊಂದು ಗಂಟೆಗೆ ಸುಧಾಕರ ಗರ್ನಾಲು ಸಿಡಿಸಿದ. ಒಂದಲ್ಲ, ಎಂಟು. ಕೇಕೆ ಹಾಕುತ್ತ ಐನೂರು ಬಾವಲಿಗಳು ಒಮ್ಮೆಲೇ ಎದ್ದವು. ನಡುಹಗಲಿನ ಆಕಾಶ ಕಪ್ಪಗಾಯಿತು. ಸುಧಾಕರ ಸೊಂಟದ ಮೇಲೆ ಕೈಯಿಟ್ಟು ನೋಡುತ್ತ ನಿಂತ. ಹೋದವು! ಸಾಯಂಕಾಲ ಮರಕ್ಕೆ ಒಂದು ದೊಡ್ಡ ಲೈಟು ಕಟ್ಟಿಸಿದ, ಮರಳಿ ಬಾರದಿರಲಿ ಎಂದು. ಶುಕ್ರವಾರ ಬೆಳಗ್ಗೆ ಎದ್ದು ನೋಡಿದರೆ ಗೋಳಿಮರ ಖಾಲಿ. ಗೋಡೆ ಬಿಳಿ. ಒಂದು ಲೋಟ ಚಹಾ ಹಿಡಿದು ಅಂಗಳದಲ್ಲಿ ಎರಡು ಸುತ್ತು ಹಾಕಿದ. ಮೂರನೆಯ ಸುತ್ತಿಗೆ ಹಿತ್ತಿಲಿನಿಂದ ರಾಜೀವಿಯ ಕೂಗು ಕೇಳಿತು.

“ಬನ್ನಿ ಇಲ್ಲಿ! ನಿಮ್ಮ ಗರ್ನಾಲಿನ ಪ್ರಸಾದ ಬಂದುಂಟು!”

ಅಡುಗೆಮನೆಯ ಹಿಂದಿನ ಮಾವಿನಮರದಲ್ಲಿ ನೂರೈವತ್ತು ಬಾವಲಿಗಳು. ಸರಿಯಾಗಿ ಅದರ ಕೆಳಗೆ ಪಾತ್ರೆ ತೊಳೆಯುವ ಜಾಗ, ನೀರಿನ ತೆರೆದ ಡ್ರಮ್, ತರಕಾರಿ ಹೆಚ್ಚುವ ಕಲ್ಲುಬೆಂಚು. ಡ್ರಮ್ಮಿನ ನೀರಿನಲ್ಲಿ ಏನೇನು ತೇಲುತ್ತಿತ್ತು ಎಂದು ಬರೆಯದಿರುವುದೇ ವಾಸಿ.

ಸುಧಾಕರ ಬಾಯಿ ತೆರೆಯುವ ಮೊದಲೇ ಕಿಸೆಯ ಫೋನ್ ಬಡಿದುಕೊಂಡಿತು.

“ಸುಧಾಕರನಾ? ನಿನ್ನ ನೆಂಟರು ನನ್ನ ಬಾವಿಯ ಮೇಲಿನ ಹಲಸಿನಮರಕ್ಕೆ ಬಂದು ಕೂತಿದ್ದಾರೆ. ಇವರಿಗೆ ಊಟ ನೀನು ಕಳಿಸ್ತೀಯಾ, ನಾನೇ ಹಾಕಬೇಕಾ?”

ವಾಗ್ದೇವಿ ಟೀಚರ್! ಮೂವತ್ತು ವರ್ಷಗಳ ಹಿಂದೆ ಹೈಸ್ಕೂಲಿನಲ್ಲಿ ಅವನಿಗೆ ವಿಜ್ಞಾನ ಕಲಿಸಿದವರು. ಈಗ ಪ್ರಾಯ ಎಪ್ಪತ್ತು ದಾಟಿದೆ. ಸುಧಾಕರ ಫೋನ್ ಹಿಡಿದುಕೊಂಡೇ ಎದ್ದು ನಿಂತ. ಮೊದಲೇ ನಿಂತಿದ್ದ ಎಂಬುದು ಆಮೇಲೆ ನೆನಪಾಯಿತು.

ಅರ್ಧ ಗಂಟೆಯಲ್ಲಿ ಟೀಚರ್ ಕೊಡೆ ಹಿಡಿದು ಬಂದರು. ಕೊಡೆ ಬಿಸಿಲಿಗಲ್ಲ, ಬಾವಲಿಗೆ. ರಾಜೀವಿ ಮಜ್ಜಿಗೆ ತಂದಳು. ಟೀಚರ್ ಮಾವಿನಮರ ನೋಡಿದರು, ಡ್ರಮ್ ನೋಡಿದರು, ಆಮೇಲೆ ಸುಧಾಕರನನ್ನು ನೋಡಿದರು.

“ಪರೀಕ್ಷೆಯಲ್ಲೂ ನೀನು ಹೀಗೇ. ಒಂದು ತಪ್ಪನ್ನು ಅಳಿಸಲು ಹೋಗಿ ನಾಲ್ಕು ತಪ್ಪು ಮಾಡುವುದು.”

“ಟೀಚರ್, ನಿಮಗೆ ಗೊತ್ತಿಲ್ಲ. ಆ ಡಾಕ್ಟರ್ ಮೇಡಂ ವೈರಸ್ ಹುಡುಕಲು ಬಂದದ್ದು. ಸಿಕ್ಕಿದರೆ ಹಾಲ್‌ಗೆ ಯಾರು ಬರ್ತಾರೆ?”

“ಶುಭಶ್ರೀ ಅಲ್ವಾ? ಅವಳೂ ನನ್ನ ಶಿಷ್ಯೆಯೇ. ನಿನ್ನಿಂದ ಹತ್ತು ವರ್ಷ ಚಿಕ್ಕವಳು. ಅವಳಿಗೆ ವಿಜ್ಞಾನದಲ್ಲಿ ತೊಂಬತ್ತೆಂಟು. ನಿನಗೆಷ್ಟು ಅಂತ ರಾಜೀವಿಯ ಎದುರು ಹೇಳುವುದಿಲ್ಲ.”

“ಹೇಳಿ ಟೀಚರ್” ಎಂದಳು ರಾಜೀವಿ.

ಟೀಚರ್ ಹೇಳಲಿಲ್ಲ. ಮಜ್ಜಿಗೆಯ ಲೋಟ ಕೆಳಗಿಟ್ಟರು. “ನನ್ನ ಮೊದಲ ಪೋಸ್ಟಿಂಗ್ ಬೆಳ್ತಂಗಡಿ ತಾಲೂಕಿನಲ್ಲಿ. ಎಂಬತ್ತೆರಡು–ಎಂಬತ್ತಮೂರನೆಯ ಇಸವಿ. ಕಾಡಿನ ಬದಿಯ ಶಾಲೆ. ಒಂದು ದಿನ ಮಕ್ಕಳು ಬಂದು, ಟೀಚರ್, ಮಂಗ ಸತ್ತು ಬಿದ್ದುಂಟು ಅಂದರು. ಮಂಗ ಸತ್ತರೆ ನಮ್ಮವರು ಎಂತ ಮಾಡ್ತಾರೆ? ಹೂ ಹಾಕಿ ಮಣ್ಣು ಮಾಡಿದೆವು. ಎರಡನೆಯದು ಸತ್ತಿತು, ಅದಕ್ಕೂ ಹೂ ಹಾಕಿದೆವು. ಆರೋಗ್ಯ ಕೇಂದ್ರಕ್ಕೆ ಒಂದು ಮಾತು ಹೇಳಿ ಕಳಿಸಬೇಕು ಅಂತ ವಿಜ್ಞಾನದ ಟೀಚರಾದ ನನಗೂ ಹೊಳೆಯಲಿಲ್ಲ. ಮತ್ತೆ ಜನರಿಗೆ ಜ್ವರ ಬರಲಿಕ್ಕೆ ಶುರುವಾಯ್ತು. ನನ್ನ ಕ್ಲಾಸಿನ ಒಬ್ಬ ಹುಡುಗನ ಅಪ್ಪ ತೀರಿಹೋದರು. ಅದು ಮಂಗನ ಕಾಯಿಲೆ.”

ಮೇಲೆ ಬಾವಲಿಗಳು ಜಾಗಕ್ಕಾಗಿ ಜಗಳಾಡುತ್ತಿದ್ದವು.

“ಆದರೆ ಒಂದು ಕೇಳು. ಆ ಜ್ವರಕ್ಕೆ ಆಗಲೇ ಹೆಸರಿತ್ತು. ಐವತ್ತೇಳರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುವಾಗ ವಿಜ್ಞಾನಿಗಳು ಅಲ್ಲಿಗೆ ಹೋಗಿ ವೈರಸ್ ಹುಡುಕಿದ್ದರು. ಉಣ್ಣಿ ಕಚ್ಚುವುದರಿಂದ ಬರುವುದು ಅಂತ ಕಂಡುಕೊಂಡಿದ್ದರು. ಹಾಗಾಗಿ ನಮ್ಮಲ್ಲಿಗೆ ಬಂದ ಡಾಕ್ಟರಿಗೆ ಎಲ್ಲಿ ನೋಡಬೇಕು, ಜನರಿಗೆ ಎಂತ ಹೇಳಬೇಕು ಅಂತ ಗೊತ್ತಿತ್ತು. ಯಾರೋ ಮೊದಲೇ ಹೋಗಿ ಹುಡುಕಿದ್ದರಿಂದ ಜೀವ ಉಳಿದವರು ಎಷ್ಟು ಜನವೋ. ಉಳಿದವರ ಲೆಕ್ಕ ಯಾರ ಹತ್ತಿರವೂ ಇರುವುದಿಲ್ಲ.”

“ಆದರೂ ಟೀಚರ್, ಹೊಸ ವೈರಸ್ ಸಿಕ್ಕಿತು ಅಂದರೆ ಹೆದರಿಕೆ ಅಲ್ವಾ?” ರಾಜೀವಿ ಕೇಳಿದಳು.

“ಅದು ಹುಡುಕಿದ ದಿನ ಹುಟ್ಟಿದ್ದಲ್ಲ ಮಾರಾಯ್ತಿ. ಮೊದಲೇ ಇತ್ತು, ನಮಗೆ ಗೊತ್ತಿರಲಿಲ್ಲ ಅಷ್ಟೇ.”

ರಾಜೀವಿ ಮಜ್ಜಿಗೆಯ ಲೋಟ ಎತ್ತಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು. “ಬಹ್ರೈನ್‌ನಲ್ಲಿ ನಿಮ್ಮ ಅಡುಗೆಮನೆಗೆ ಇನ್‌ಸ್ಪೆಕ್ಟರ್ ಬರ್ತಿದ್ದನಲ್ಲ, ತರಕಾರಿ ಹೆಚ್ಚುವ ಹಲಗೆಗೆ ಹತ್ತಿ ಒರೆಸಿ ತಕೊಂಡು ಹೋಗಲಿಕ್ಕೆ? ನೀವೇ ಹೇಳಿದ್ದು. ಅವನು ಬಂದದ್ದಕ್ಕೆ ಹೋಟೆಲ್ ಮುಚ್ಚಿತಾ?”

“ಇಲ್ಲ” ಎಂದ ಸುಧಾಕರ. “ಹಲಗೆ ಬದಲಾಯಿಸಿದೆವು. ಮತ್ತೆ ಹೋಟೆಲ್ ಇನ್ನೂ ಚಂದ ನಡೆಯಿತು.”

“ಮತ್ತೆ ಇದು ಬೇರೆಯಾ?”

ಹತ್ತಿ ಒರೆಸಿ ತಕೊಂಡು ಹೋಗುವವನನ್ನು ಕಂಡರೆ ಶುರುವಿನಲ್ಲಿ ಸುಧಾಕರನಿಗೆ ಮೈ ಉರಿಯುತ್ತಿತ್ತು. ಮೂರನೆಯ ವರ್ಷಕ್ಕೆ ಅವನೇ ಇನ್‌ಸ್ಪೆಕ್ಟರ್‌ಗೆ ಚಹಾ ಮಾಡಿ ಕೊಡುತ್ತಿದ್ದ. ಕಿಸೆಯಿಂದ ಚೀಟಿ ತೆಗೆದು ನಂಬರ್ ಒತ್ತಿದ.

“ಮೇಡಂ, ನಾನು ‘ನೋಡುವ’ ಅಂತ ಹೇಳಿದ್ದೆನಲ್ಲ. ಅದು ಈಗ ‘ಬನ್ನಿ’ ಆಗಿದೆ.”

“ತುಂಬ ಸಂತೋಷ ಸುಧಾಕರಣ್ಣ. ಮರದಲ್ಲಿ ಬಾವಲಿಗಳು ಉಂಟಲ್ಲ?”

“ಅದೇ… ಈಗ ಅಲ್ಲಿ ಒಂದು ಬಿಟ್ಟು ಎಲ್ಲ ಕಡೆ ಉಂಟು.”

ಸಂಜೆಗೆ ಶುಭಶ್ರೀ ಬಂದರು. ಬಾವಲಿಗಳನ್ನು ಮರಳಿ ಕರೆಯುವುದು ಹೇಗೆಂದು ಡಾಕ್ಟರಿಗೆ ಗೊತ್ತಿದ್ದದ್ದಕ್ಕಿಂತ ಚೆನ್ನಾಗಿ ಶೀನಪ್ಪನಿಗೆ ಗೊತ್ತಿತ್ತು. “ಆ ಲೈಟು ತೆಗೆಯಿರಿ ಮೊದಲು. ಮರದ ಹತ್ತಿರ ಯಾರೂ ಸುಳಿಯಬಾರದು. ನಾನೂ ಹೋಗುವುದಿಲ್ಲ. ಮತ್ತೆ ಮನೆಗೆ ಬಾರದೆ ಎಲ್ಲಿ ಹೋಗ್ತವೆ?” ಎಂದ. ಶುಭಶ್ರೀ ಅದನ್ನು ಪುಸ್ತಕದಲ್ಲಿ ಬರೆದುಕೊಂಡರು. ತನ್ನ ಮಾತನ್ನು ಯಾರೋ ಬರೆದುಕೊಂಡದ್ದು ಶೀನಪ್ಪನ ಜೀವನದಲ್ಲಿ ಅದೇ ಮೊದಲು. ಲುಂಗಿ ಸರಿಮಾಡಿಕೊಂಡು ಇನ್ನೊಂದು ಸಲ ಹೇಳಿದ.

ಕಾಯುವ ದಿನಗಳಲ್ಲಿ ಸುಧಾಕರ ಸುಮ್ಮನೆ ಕೂರಲಿಲ್ಲ. ಡ್ರಮ್ಮಿನ ನೀರು ಚೆಲ್ಲಿ, ಬ್ಲೀಚಿಂಗ್ ಪೌಡರ್ ಹಾಕಿ ತೊಳೆದು, ಮುಚ್ಚಳ ಮಾಡಿಸಿದ. ಪಾತ್ರೆ ತೊಳೆಯುವ ಜಾಗಕ್ಕೆ ಶೀಟಿನ ಮಾಡು ಹಾಕಿಸಿದ. ವಾಗ್ದೇವಿ ಟೀಚರ್ ಬಾವಿಗೆ ಬಲೆ ಹಾಕಿಸಲು ತಾನೇ ಏಣಿ ಹೊತ್ತು ಹೋದ. ಟೀಚರ್ ಕೆಳಗೆ ನಿಂತು “ಆ ಮೂಲೆ ಸಡಿಲ ಉಂಟು, ಸರಿ ಕಟ್ಟು” ಎಂದು ತಿದ್ದುತ್ತಿದ್ದರು. ಭಾನುವಾರ ನಸುಕಿಗೆ ಗೋಳಿಮರಕ್ಕೆ ಹತ್ತು ಬಾವಲಿಗಳು ಬಂದವು. ಸೋಮವಾರ ಐವತ್ತು. ಬುಧವಾರದ ಹೊತ್ತಿಗೆ ಮಾವಿನಮರವೂ ಹಲಸಿನಮರವೂ ಖಾಲಿಯಾಗಿ, ಕರಿಕೊಡೆಗಳೆಲ್ಲ ಹಳೆಯ ಜಾಗದಲ್ಲಿ ತೂಗಾಡಿದವು. ತಾನೇ ಓಡಿಸಿದವುಗಳನ್ನು ಕಂಡು ಸುಧಾಕರ ಚಪ್ಪಾಳೆ ತಟ್ಟಲು ಹೋದ.

“ಶ್!” ಎಂದು ಶೀನಪ್ಪ ಕಣ್ಣು ಬಿಟ್ಟ.

ಗುರುವಾರ ಬೆಳಗಿನ ಜಾವ ಶುಭಶ್ರೀ ಮತ್ತು ಜೊತೆಯವರು ಮೈಪೂರ್ತಿ ಮುಚ್ಚುವ ಬಿಳಿ ಅಂಗಿ, ಮಾಸ್ಕ್, ಕನ್ನಡಕ, ಎರಡೆರಡು ಕೈಗವಸು ಹಾಕಿಕೊಂಡು ಮರದಡಿ ದೊಡ್ಡ ಪ್ಲಾಸ್ಟಿಕ್ ಹಾಳೆ ಹಾಸಿದರು. ಸುಧಾಕರನಿಗೂ ರಾಜೀವಿಗೂ ದೂರದ ಜಗಲಿಯೇ ಗತಿ. ಬಾವಲಿಗಳು ಮರಳಿ ಬಂದು ಕೂತ ಮೇಲೆ ಹಾಳೆಯ ಮೇಲೆ ಬಿದ್ದ ಮೂತ್ರದ ಹನಿಗಳನ್ನು ಹತ್ತಿಯಲ್ಲಿ ತೆಗೆದು ಬೆರಳುದ್ದದ ಸೀಸೆಗಳಿಗೆ ಹಾಕಿದರು. ಮರದ ಬದಿಗೆ ಕಟ್ಟಿದ್ದ ಬಲೆಯಲ್ಲಿ ಸಿಕ್ಕಿದ ಆರು ಬಾವಲಿಗಳ ಗಂಟಲಿನಿಂದಲೂ ಹತ್ತಿಯಲ್ಲಿ ಮಾದರಿ ತೆಗೆದು, ಕುಡಿಯಲು ಹಣ್ಣಿನ ರಸ ಕೊಟ್ಟು, ಒಂದಕ್ಕೂ ಗಾಯವಾಗದ ಹಾಗೆ ಹಾರಿಬಿಟ್ಟರು.

“ನಮ್ಮ ಹಾಲ್‌ನಲ್ಲಿ ಮೊದಲು ಜ್ಯೂಸ್ ಕುಡಿದದ್ದು ಇವೇ” ಎಂದಳು ರಾಜೀವಿ.

ಕೆಲಸ ಮುಗಿಸಿ, ಅಂಗಿ ಕಳಚಿ, ಕೈಕಾಲು ತೊಳೆದು ಶುಭಶ್ರೀ ಜಗಲಿಗೆ ಬಂದಾಗ ನೀರುದೋಸೆ ಕಾಯುತ್ತಿತ್ತು. ಸುಧಾಕರ ಮೂರು ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡದ್ದನ್ನು ಕೇಳಿಬಿಟ್ಟ.

“ಅಂದರೆ ಮೇಡಂ, ಮುಂದೆ ಯಾವ ಕಾಯಿಲೆ ಬರ್ತದೆ ಅಂತ ನಿಮಗೆ ಮೊದಲೇ ಗೊತ್ತಾಗ್ತದಾ?”

“ಇಲ್ಲ. ಹಾಗೆ ಹೇಳುವವರನ್ನು ನಂಬಲೂ ಬೇಡಿ” ಎಂದರು ಶುಭಶ್ರೀ. “ಪ್ರಾಣಿಗಳಲ್ಲಿ ಲಕ್ಷಗಟ್ಟಲೆ ಬಗೆಯ ವೈರಸ್ ಇರಬಹುದು ಅಂತ ಅಂದಾಜು. ಹೆಚ್ಚಿನವು ಮನುಷ್ಯನ ತಂಟೆಗೆ ಬರುವುದೇ ಇಲ್ಲ. ಯಾವುದು ಬರ್ತದೆ, ಯಾವಾಗ ಬರ್ತದೆ ಅಂತ ನಾವು ಹೇಳಲಿಕ್ಕೆ ಆಗುವುದಿಲ್ಲ. ಈ ಸೀಸೆಯಲ್ಲಿ ಇರುವುದನ್ನು ಲ್ಯಾಬ್‌ನಲ್ಲಿ ಓದ್ತೇವೆ. ಹೊಸದು ಸಿಕ್ಕಿದರೆ ಅದರ ಗುರುತು, ವಿಳಾಸ, ಸಂಬಂಧಿಕರು ಯಾರು ಅಂತ ಬರೆದಿಡ್ತೇವೆ. ನಾಳೆ ಎಲ್ಲಿಯೋ ಒಬ್ಬರಿಗೆ ಹೆಸರಿಲ್ಲದ ಜ್ವರ ಬಂದರೆ, ಹೋಲಿಸಿ ನೋಡಲಿಕ್ಕೆ ಒಂದು ಪಟ್ಟಿ ಇರ್ತದೆ. ಪತ್ತೆಯ ಟೆಸ್ಟ್ ಬೇಗ ಮಾಡಬಹುದು. ಲಸಿಕೆಯ ಕೆಲಸ ಬೇಗ ಶುರು ಮಾಡಬಹುದು.”

“ಕೊರೋನಾಕ್ಕೆ ಲಸಿಕೆ ಒಂದೇ ವರ್ಷದಲ್ಲಿ ಬಂತಲ್ಲ, ಅದು ಹೀಗೆಯಾ?”

“ಅದಕ್ಕೆ ಬೇರೆ ಕಾರಣಗಳೂ ಉಂಟು. ಇದೂ ಒಂದು. ಎರಡು ಸಾವಿರದ ಮೂರರಲ್ಲಿ ಸಾರ್ಸ್ ಬಂದಿತ್ತು. ಅದೂ ಕೊರೋನಾ ಜಾತಿಯದ್ದೇ. ಅದರ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು ಇದ್ದರು. ಹಾಗಾಗಿ ಸೊನ್ನೆಯಿಂದ ಶುರು ಮಾಡಬೇಕಾಗಲಿಲ್ಲ.”

“ಮರ ಕಡಿದು, ಬಾವಲಿ ಕೊಂದರೆ ಆಗುವುದಿಲ್ವಾ? ವೈರಸ್ಸೇ ಮುಗಿಯಿತಲ್ಲ” ಎಂದ ಶೀನಪ್ಪ. ಅವನಿಗೆ ಉತ್ತರ ಗೊತ್ತಿತ್ತು. ಸುಧಾಕರನಿಗೆ ಕೇಳಿಸಲಿ ಎಂದು ಕೇಳಿದ್ದು.

“ಎಂಟು ಗರ್ನಾಲಿಗೆ ಎಂತ ಆಯ್ತು ಅಂತ ನೋಡಿದಿರಲ್ಲ ಶೀನಪ್ಪಣ್ಣ? ಹೂವಿನ ಪರಾಗ ಸಾಗಿಸುವುದು, ಕಾಡಿನ ಬೀಜ ಬಿತ್ತುವುದು ಇವೇ. ಹೆದರಿ, ಹಸಿದು, ಚದುರಿದ ಬಾವಲಿಗಳೇ ವೈರಸ್ಸನ್ನು ಹೆಚ್ಚು ಹೊರಹಾಕಬಹುದು ಅಂತ ಅಧ್ಯಯನಗಳು ಹೇಳ್ತವೆ. ಅವು ಅವುಗಳ ಮನೆಯಲ್ಲಿರಲಿ. ಅವುಗಳ ಜೊಲ್ಲು ನಮ್ಮ ಬಾಯಿಗೆ ಬಾರದಿದ್ದರೆ ಆಯ್ತು.”

ಶೀನಪ್ಪ ತಲೆ ತಗ್ಗಿಸಿ ದೋಸೆ ತಿಂದ. ಅಡಿಕೆಯ ಗೋಣಿಯನ್ನು ಅವನು ಅಂದೇ ಸುಟ್ಟುಹಾಕಿದ ಎಂದು ಆಮೇಲೆ ಗೊತ್ತಾಯಿತು.

ಶುಕ್ರವಾರ ಸಂಜೆ, ಸುಧಾಕರ ಹೆದರಿದ್ದ ಫೋನ್ ಬಂದೇ ಬಂತು.

“ಶೆಟ್ರೆ, ನಾನು ಹರಿಪ್ರಸಾದ್ ಭಟ್, ಮೂಡುಬಿದಿರೆಯಿಂದ. ನಿಮ್ಮ ಹಾಲ್‌ನಲ್ಲಿ ಎಂತದೋ ವೈರಸ್ ಹಿಡಿದಿದ್ದಾರೆ ಅಂತ ಒಬ್ಬರು ಹೇಳಿದರು. ಹೌದಾ?”

ಇಲ್ಲ ಎಂದುಬಿಟ್ಟರೆ ಭಾನುವಾರ ದಾಟುತ್ತದೆ. ರಾಜೀವಿ ಎದುರಿಗೆ ನಿಂತು ನೋಡುತ್ತಿದ್ದಳು. ಗೋಡೆಯ ಮೇಲೆ 'ರಾಜೀವಿ ಸಭಾಭವನ' ಎಂದು ದೊಡ್ಡ ಅಕ್ಷರದಲ್ಲಿತ್ತು.

“ವೈರಸ್ ಸಿಕ್ಕಿದೆ ಅಂತ ಯಾರೂ ಹೇಳಲಿಲ್ಲ ಭಟ್ರೆ. ಪರೀಕ್ಷೆಗೆ ಮಾದರಿ ತಕೊಂಡು ಹೋದದ್ದು ಹೌದು. ನಾನೇ ಕರೆದದ್ದು. ಮರದಲ್ಲಿ ಬಾವಲಿ ಇರುವುದೂ ಹೌದು, ಓಡಿಸುವುದಿಲ್ಲ. ಮರದ ಹತ್ತಿರ ಯಾರೂ ಹೋಗದ ಹಾಗೆ ಹಗ್ಗ ಕಟ್ಟಿದ್ದೇನೆ. ಅಡುಗೆಮನೆಗೆ ಮಾಡು, ನೀರಿಗೆ ಮುಚ್ಚಳ, ಬಾವಿಗೆ ಬಲೆ ಎಲ್ಲ ಆಗಿದೆ. ಹಣ್ಣುಗಳನ್ನು ತೊಳೆದು ನೋಡಿಯೇ ಇಡುವುದು. ಡಾಕ್ಟರ್ ನಂಬರ್ ಕೊಡ್ತೇನೆ, ಅವರನ್ನೇ ಕೇಳಿ. ಇಷ್ಟಾದ ಮೇಲೂ ಬೇಡ ಅಂತ ಕಂಡರೆ ನನಗೆ ಬೇಸರವಿಲ್ಲ.”

ಬೇಸರವಿಲ್ಲ ಎಂಬುದೊಂದು ಮಾತ್ರ ಸುಳ್ಳು. ಆ ಕಡೆ ಯಾರೋ ಪಿಸುಗುಟ್ಟಿದರು. ಮತ್ತೆ ಹುಡುಗಿಯೊಬ್ಬಳ ಧ್ವನಿ ಬಂತು.

“ಅಂಕಲ್, ನಾನು ದೀಕ್ಷಾ. ನಿಶ್ಚಿತಾರ್ಥದ ಹುಡುಗಿ. ನಾನು ಮಂಗಳೂರಿನಲ್ಲಿ ಸ್ಟಾಫ್ ನರ್ಸ್. ನಿಫಾ ಬಂದರೆ ಎಂತ ಮಾಡಬೇಕು ಅಂತ ನಮಗೆ ಟ್ರೇನಿಂಗ್ ಆಗಿದೆ. ನೀರು ಮುಚ್ಚಿಟ್ಟಿದ್ದೇನೆ ಅಂತ ತಾನಾಗಿ ಹೇಳುವ ಹಾಲ್‌ನವರನ್ನು ನಾನು ಇದುವರೆಗೆ ನೋಡಲಿಲ್ಲ. ಅಪ್ಪನಿಗೆ ನಾನು ಹೇಳ್ತೇನೆ. ಒಂದು ವಿಷಯ ಕೇಳಬೇಕಿತ್ತು.”

“ಕೇಳಮ್ಮ.”

“ಆ ಬಾವಲಿಗಳು ಹಾರುವುದು ಎಷ್ಟು ಗಂಟೆಗೆ? ಫೋಟೋಗ್ರಾಫರ್‌ಗೆ ಅಷ್ಟು ಹೊತ್ತು ನಿಲ್ಲಲಿಕ್ಕೆ ಹೇಳ್ತೇನೆ.”

ಸುಧಾಕರ ಫೋನಿಗೆ ಕೈ ಅಡ್ಡ ಹಿಡಿದು ರಾಜೀವಿಯ ಕಡೆ ನೋಡಿದ. ಹದಿನೆಂಟು ವರ್ಷ ಪರದೇಶದಲ್ಲಿ ದುಡಿದವನ ಮುಖದಲ್ಲಿ ಅಂಥ ನಗುವನ್ನು ಅವಳು ವಿಮಾನ ನಿಲ್ದಾಣದಲ್ಲೂ ಕಂಡಿರಲಿಲ್ಲ.

ಭಾನುವಾರ ಹರಿಪ್ರಸಾದರ ಕಡೆಯ ಇನ್ನೂರೆಂಬತ್ತು ಜನ ಬಂದರು. ಉಂಗುರ ಬದಲಾಯಿತು, ಊಟವಾಯಿತು, ಹೋಳಿಗೆ ಎರಡೆರಡು ಸುತ್ತು ಬಂತು. ಹೊರಡಬೇಕಾದ ನೆಂಟರು ಸಂಜೆಯ ಕಾಫಿ ಕುಡಿದ ಮೇಲೂ ಹೊರಡಲಿಲ್ಲ. ಎಲ್ಲರೂ ಅಂಗಳದ ಈಚೆ ಬದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಹಗ್ಗದ ಮುಂದೆ ಇಸ್ತ್ರಿ ಮಾಡಿದ ಅಂಗಿ ತೊಟ್ಟ ಶೀನಪ್ಪ. ಅವನಿಗೆ ಆ ದಿನ ಮಾತೇ ನಿಲ್ಲಲಿಲ್ಲ.

“ಅಲ್ಲಿ ನೋಡಿ, ತುದಿಕೊಂಬೆಯದ್ದು ಮೊದಲು ಹೊರಡುವುದು. ಅದು ನಮ್ಮ ಪಟೇಲ. ಅದು ಎದ್ದರೆ ಮತ್ತೆ ಎಲ್ಲ. ಯಾರೂ ಚಪ್ಪಾಳೆ ಹೊಡೆಯಬೇಡಿ ಆಯ್ತಾ, ಶೆಟ್ರಿಗೂ ಹೇಳಿದ್ದೇನೆ.”

ಆರೂ ಮುಕ್ಕಾಲಿಗೆ ಪಟೇಲ ಎದ್ದಿತು. ಮತ್ತೆ ಐನೂರು ರೆಕ್ಕೆಜೋಡಿಗಳು ಕೆಂಪು ಆಕಾಶದ ಮೇಲೆ ಒಂದರ ಹಿಂದೊಂದು ಹರಡಿಕೊಂಡವು. ಇನ್ನೂರೆಂಬತ್ತು ಜನ ತಲೆ ಎತ್ತಿದರು. ದೀಕ್ಷಾ ಮತ್ತು ಅವಳ ಹುಡುಗನ ಹಿಂದೆ ಆ ಹಾರಾಟ ಬರುವಂತೆ ತೆಗೆದ ಫೋಟೋ ಈಗ ಭವನದ ಬಾಗಿಲಲ್ಲೇ ಕಾಣುತ್ತದೆ. ಹೊರಡುವಾಗ ನೆಂಟರಲ್ಲೊಬ್ಬರು ಏಪ್ರಿಲ್‌ನಲ್ಲಿ ಹಾಲ್ ಖಾಲಿ ಉಂಟಾ ಎಂದು ಕೇಳಿದರು. ಸುಧಾಕರ ‘ನೋಡುವ’ ಎನ್ನಲಿಲ್ಲ.

ಮಳೆ ಹಿಡಿದ ಮೇಲೆ ಜೂನ್‌ನಲ್ಲಿ ಶುಭಶ್ರೀಯವರ ಪತ್ರ ಬಂತು. ವಾಗ್ದೇವಿ ಟೀಚರ್ ಅದನ್ನು ಜಗಲಿಯಲ್ಲಿ ಕೂತು ಎಲ್ಲರಿಗೂ ಓದಿ ಹೇಳಿದರು. ತೆಗೆದ ಮಾದರಿಗಳಲ್ಲಿ ನಿಫಾ ಇರಲಿಲ್ಲ. ಇದುವರೆಗೆ ಯಾರ ಪಟ್ಟಿಯಲ್ಲೂ ಇಲ್ಲದ ಎರಡು ವೈರಸ್‌ಗಳ ಗುರುತು ಸಿಕ್ಕಿತ್ತು. ಅವು ಮನುಷ್ಯರಿಗೆ ತಗಲುತ್ತವೆ ಎನ್ನಲು ಯಾವ ಆಧಾರವೂ ಇಲ್ಲ. ಎರಡನ್ನೂ ದಾಖಲಿಸಿದ್ದಾರೆ. ಒಂದು ಸಲ ಇಲ್ಲ ಎಂದರೆ ಯಾವಾಗಲೂ ಇಲ್ಲ ಎಂದಲ್ಲ, ಆದ್ದರಿಂದ ಬರುವ ವರ್ಷ ಮತ್ತೆ ಬರುತ್ತೇವೆ, ಶೀನಪ್ಪಣ್ಣನ ಸಹಾಯ ಬೇಕು ಎಂದು ಪತ್ರ ಮುಗಿದಿತ್ತು.

“ಕೊನೆಯ ಸಾಲು ಇನ್ನೊಮ್ಮೆ ಓದಿ ಟೀಚರ್” ಎಂದ ಶೀನಪ್ಪ. ಅವನ ವೀಳ್ಯದ ಪೆಟ್ಟಿಗೆಯಲ್ಲಿ ಈಗ ಅಂಗಡಿಯಿಂದ ತಂದ ಒಣ ಅಡಿಕೆ ಇತ್ತು.

ಇದನ್ನು ಓದುತ್ತಿರುವ, ಕೇಳುತ್ತಿರುವ ನೀವೂ ಒಮ್ಮೆ ನಿಮ್ಮ ಹಿತ್ತಿಲಿನ ಮರದ ಕಡೆ ತಲೆ ಎತ್ತಿ ನೋಡಿ. ಬಾವಲಿಗಳಿದ್ದರೆ ಇರಲಿ. ಕಲ್ಲು ಹೊಡೆಯಬೇಡಿ, ಸಿಡಿಮದ್ದು ಬೇಡ, ಮರ ಕಡಿಯುವುದು ಬೇಡ. ಬಾವಿಗೆ ಬಲೆ ಹಾಕಿ, ಕುಡಿಯುವ ನೀರನ್ನೂ ಕಳ್ಳಿನ ಮಡಕೆಯನ್ನೂ ಮುಚ್ಚಿಡಿ. ಪ್ರಾಣಿ ಪಕ್ಷಿ ಕಚ್ಚಿದ ಹಣ್ಣು ಎಷ್ಟೇ ಸಿಹಿಯಾಗಿ ಕಂಡರೂ ಮಕ್ಕಳ ಕೈಗೆ ಕೊಡಬೇಡಿ, ಬಾವಲಿ ಚೀಪಿದ ಅಡಿಕೆಯನ್ನು ಬರಿಗೈಯಲ್ಲಿ ಹೆಕ್ಕಬೇಡಿ, ಬಾಯಿಗಂತೂ ಹಾಕಲೇಬೇಡಿ. ಮಂಗವೋ ಬಾವಲಿಯೋ ಸತ್ತು ಬಿದ್ದದ್ದು ಕಂಡರೆ ಮುಟ್ಟದೆ, ಆರೋಗ್ಯ ಕೇಂದ್ರಕ್ಕೋ ಪಶು ಆಸ್ಪತ್ರೆಗೋ ಅರಣ್ಯ ಇಲಾಖೆಗೋ ಕೂಡಲೇ ತಿಳಿಸಿ. ಹೂ ಹಾಕುವುದನ್ನು ಆಮೇಲೆ ಯೋಚಿಸಬಹುದು. ಜ್ವರ ಬಂದು ಡಾಕ್ಟರ ಬಳಿ ಹೋದರೆ, ಕಾಡಿಗೆ ಹೋಗಿದ್ದೆ, ಪ್ರಾಣಿ ಮುಟ್ಟಿದ್ದೆ ಎಂಬುದನ್ನು ಮರೆಯದೆ ಹೇಳಿ.

ಮತ್ತೆ ಒಂದು ದಿನ ಮೊಣಕಾಲೆತ್ತರದ ಬೂಟು ಹಾಕಿದವರು ನಿಮ್ಮ ಗೇಟಿನಲ್ಲಿ ನಿಂತು, ನಿಮ್ಮ ಮರದ ಕೆಳಗೆ ಸ್ವಲ್ಪ ಕೆಲಸ ಉಂಟು ಎಂದರೆ ಅನುಮತಿ ಪತ್ರ ತೋರಿಸಲು ಹೇಳಿ. ಅದು ನಿಮ್ಮ ಹಕ್ಕು. ಪತ್ರ ಸರಿಯಿದ್ದರೆ ‘ನೋಡುವ’ ಎನ್ನಬೇಡಿ. ಗೇಟು ತೆರೆದು, ‘ಬನ್ನಿ’ ಎನ್ನಿ.